ಜಪಾನ್ ಆಳ್ವಿಕೆ ಹೋದಮ್ಯಾಲ ಕೊರಿಯಾ, ತೈವಾನ್ ಜನ ತಮ್ಮತನ ಹೆಂಗ ಕಟ್ಟಿಕೊಂಡ್ರು?

ರಾಯಚೂರು ಓದುಗ:
ನಮ್ಮ ರಾಯಚೂರಾಗ ಆಗಸ್ಟ್ 15ಕ್ಕೂ ಧ್ವಜ ಏರಿಸ್ತೀವಿ, ಸೆಪ್ಟೆಂಬರ್ 17ಕ್ಕೂ ಏರಿಸ್ತೀವಿ, ಯಾಕಂದ್ರ ನಿಜಾಮನ ಆಳ್ವಿಕೆ ಮುಗಿದದ್ದು 1948ರಾಗ. ಕೊರಿಯಾಕ್ಕೂ ಆಗಸ್ಟ್ 15 ವಿಮೋಚನಾ ದಿನಾನ, ಆದ್ರ 1945ರದ್ದು. 35 ವರ್ಷ ಜಪಾನ್ ಕೈಯಾಗಿದ್ದು, ಸಾಲಿಯೊಳಗ ಜಪಾನಿ ಭಾಷೆ, 1940ರಿಂದ ಜಪಾನಿ ಹೆಸರು ಇಟ್ಕೊಳ್ರಿ ಅಂತ ಒತ್ತಡ, ಇಷ್ಟೆಲ್ಲಾ ಆದಮ್ಯಾಲ ಆ ಜನ ಹೆಂಗ ಸುಧಾರಿಸ್ಕೊಂಡ್ರು? ತೈವಾನ್ ಕಥಿನೂ ಹಿಂಗ ಐತೇನು?

ಕೊಪ್ಪಳ ಮೇಷ್ಟ್ರು:
ಹೆಸರು ಲಗೂನ ವಾಪಸ್ ಬಂದ್ವು ರೀ, ದಕ್ಷಿಣ ಕೊರಿಯಾದಾಗ 1946ರಾಗನ ಅದಕ್ಕ ಆದೇಶ ಆತು. ಕಷ್ಟ ಆಗಿದ್ದು ಬ್ಯಾರೆ. ಜಪಾನಿಗೆ ಕೈಜೋಡಿಸಿದವರನ್ನ ವಿಚಾರಣೆ ಮಾಡಾಕ 1948ರಾಗ ಕಾನೂನು ತಂದ್ರು, ಕಮಿಟಿ ಮಾಡಿದ್ರು, ಆದ್ರ ಅಲ್ಲಿನ ಅಧ್ಯಕ್ಷ ಸಿಂಗ್ಮನ್ ರೀ ಸರ್ಕಾರ ಅಡ್ಡ ಬಂದು 1949ರಾಗ ಅದು ಮುಗದ ಹೋತು, ಹಳೇ ಪೊಲೀಸ್ರು ಎಷ್ಟೋ ಮಂದಿ ಕುರ್ಚಿ ಮ್ಯಾಲೇ ಉಳಿದ್ರು. ನನಗ ಇದು ಭಾಳ ಸಂಕಟ ಅನಸ್ತದ. ಸಿಯೋಲ್‌ನ ಜಪಾನಿ ಗವರ್ನರ್ ಜನರಲ್ ಕಟ್ಟಡ ಕೆಡವಾಕ ಶುರು ಮಾಡಿದ್ದು 1995ರಾಗ, ಅಂದ್ರ ಪೂರ್ತಿ 50 ವರ್ಷ ಆದಮ್ಯಾಲ.

ಬಳ್ಳಾರಿ ಹುಡುಗಿ:
ತೈವಾನ್ ಬ್ಯಾರೇನ ಐತಿ. 1895ರಿಂದ ಜಪಾನ್ ಇತ್ತು, ಅವ್ರು ಹೋದಮ್ಯಾಲ ಚೀನಾದ ಕುವೊಮಿಂಟಾಂಗ್ ಅನ್ನೋ ರಾಷ್ಟ್ರೀಯವಾದಿ ಪಕ್ಷದ ಸರ್ಕಾರ ಬಂತು, ಲಂಚ, ಬೆಲೆ ಏರಿಕೆ, ಆಮ್ಯಾಲ 1947ರ ಫೆಬ್ರವರಿ 28ರಿಂದ ಶುರುವಾದ ದಂಗೆ, ಅದನ್ನ ಹತ್ತಿಕ್ಕಾಕ ಆ ಸರ್ಕಾರದ ಸೈನ್ಯ ಮಾಡಿದ ಹತ್ಯಾಕಾಂಡ. 1949ರಿಂದ 1987ರವರೆಗೂ ಮಿಲಿಟರಿ ಕಾನೂನು. ಅದಕ್ಕ ಅಲ್ಲಿ ಎಷ್ಟೋ ಹಿರೇರು ಜಪಾನ್ ಕಾಲಾನ ಕೊರಿಯಾದವರಷ್ಟು ಸಿಟ್ಟಿಲೆ ನೆನಸಂಗಿಲ್ಲ, ಹಂಗಂತ ಜಪಾನ್ ಚಲೋ ಇತ್ತು ಅಂತಲ್ಲ, 1930ರಾಗ ಮೂಲನಿವಾಸಿಗಳ ಬಂಡಾಯಾನ ಅನಿಲ ಬಾಂಬ್ ಹಾಕಿ ಹತ್ತಿಕ್ಕಿದ್ರು.

ಕೊಪ್ಪಳ ಮೇಷ್ಟ್ರು:
ಜಪಾನ್‌ನಾಗ ಉಳಿದ ಕೊರಿಯನ್ನರನ್ನೂ ಮರೀಬ್ಯಾಡ್ರಿ, 1952ರಾಗ ಅವರ ಜಪಾನಿ ಪೌರತ್ವಾನೂ ಹೋತು.