ಲೇಹ್‌ಗೆ ಕಾರಲ್ಲಿ ಹೊರಟಿದ್ದೇವೆ, ಬೇರೆ ಜಿಪಿಎಸ್ ತಗೊಳ್ಳಬೇಕಾ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಅಣ್ಣಾರೇ, ನಮಸ್ಕಾರ. ನೀವು ಕಾರಿನ ವೈರಿಂಗ್, ಸ್ಟೀರಿಯೋ, ಜಿಪಿಎಸ್ ಕೆಲಸ ಮಾಡುವವರು ಅಂತ ನಿಮ್ಮನ್ನೇ ಕೇಳುತ್ತಿದ್ದೇನೆ. ಜೂನ್ ಕೊನೆಗೆ ನಾವು ಮತ್ತು ನಮ್ಮಣ್ಣನ ಮನೆಯವರು ಎರಡು ಕಾರಲ್ಲಿ ಲೇಹ್‌ಗೆ ಹೊರಟಿದ್ದೇವೆ. ಹೋಗುವಾಗ ಶ್ರೀನಗರ, ಕಾರ್ಗಿಲ್ ಮೇಲೆ. ಬರುವಾಗ ಮನಾಲಿ ಮೇಲೆ. ಫೋನಿನ ಮ್ಯಾಪೇ ಸಾಕು ಅಂತ ಮಗ ಹೇಳುತ್ತಾನೆ. ಗಾಜಿಗೆ ಅಂಟಿಸುವ ಬೇರೆ ಜಿಪಿಎಸ್ ಬೇಕೇ ಬೇಕು ಅಂತ ಅಣ್ಣ. ಯಾರ ಮಾತು ಕೇಳಲಿ? ತಗೊಂಡರೆ ಏನು ನೋಡಿ ತಗೊಳ್ಳಬೇಕು?

ಉತ್ತರ: ನಮಸ್ಕಾರ ಸರ್. ಮೊದಲು ದಾರಿ ನೋಡೋಣ, ಆಮೇಲೆ ಡಬ್ಬಿ.

ನಮ್ಮ ಹುಬ್ಬಳ್ಳಿ ಮೇಲೆ ಹಾಯುವ 48ನೇ ಹೆದ್ದಾರಿಯೇ ಪುಣೆ, ಮುಂಬೈ, ಅಹಮದಾಬಾದ್, ಉದಯಪುರ, ಜೈಪುರ ಹಿಡಿದು ದಿಲ್ಲಿ ಮುಟ್ಟುತ್ತದೆ. ಅಲ್ಲಿವರೆಗೆ ಫೋನ್ ಧಾರಾಳ ಸಾಕು. ಟ್ರಾಫಿಕ್ ಎಲ್ಲಿ ಕಟ್ಟಿದೆ ಅಂತಲೂ ಅದೇ ಹೇಳುತ್ತದೆ. ತೊಂದರೆ ಶುರುವಾಗುವುದು ಪಠಾಣ್‌ಕೋಟ್ ಬಿಟ್ಟು ಲಖನಪುರ ದಾಟಿದ ಮೇಲೆ. ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇನ್ನು ವಾಪಸ್ ಬರುವ ದಾರಿಯಲ್ಲಿ ಪಾಂಗ್, ಸರ್ಚು ಕಡೆ ಪೋಸ್ಟ್‌ಪೇಯ್ಡ್ ಇದ್ದರೂ ಗಂಟೆಗಟ್ಟಲೆ ಸಿಗ್ನಲ್ ಕಾಣುವುದಿಲ್ಲ.

ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಅಂಗಡಿಗೆ ಬರುವ ಅರ್ಧ ಜನಕ್ಕೆ ಇಲ್ಲೇ ಗೊಂದಲ. ಜಿಪಿಎಸ್‌ಗೆ ಸಿಮ್ ಬೇಡ, ನೆಟ್ ಬೇಡ, ರೀಚಾರ್ಜ್ ಬೇಡ. ಸುಮಾರು 20,200 ಕಿ.ಮೀ. ಮೇಲೆ ತಿರುಗುವ ಉಪಗ್ರಹಗಳು ಸಂಕೇತ ಬಿಡುತ್ತಲೇ ಇರುತ್ತವೆ. ರೇಡಿಯೋ ಥರ ನಮ್ಮ ಯಂತ್ರ ಸುಮ್ನೆ ಕೇಳಿಸಿಕೊಳ್ಳುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನೀವೆಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ನಿಮ್ಮ ಫೋನಿನೊಳಗೂ ಇದೇ ಇದೆ. ನೆಟ್ ಹೋದಾಗ ಫೋನಿನ ಜಿಪಿಎಸ್ ಸಾಯುವುದಿಲ್ಲ, ನೆಟ್‌ನಿಂದ ಬರುತ್ತಿದ್ದ ಮ್ಯಾಪ್ ನಿಂತುಹೋಗುತ್ತದೆ. ಖಾಲಿ ಪರದೆ ಮೇಲೆ ನೀಲಿ ಚುಕ್ಕೆ ಮಾತ್ರ ಓಡುತ್ತಿರುತ್ತದೆ.

ಹಾಗಾಗಿ ನಿಮಗೆ ಬೇಕಾಗಿರುವುದು ಒಳಗೇ ಮ್ಯಾಪ್ ತುಂಬಿಕೊಂಡಿರುವ ಯಂತ್ರ. ಫೋನಿನಲ್ಲೂ ಮ್ಯಾಪ್ ಮುಂಚೆಯೇ ಇಳಿಸಿಕೊಳ್ಳಬಹುದು, ಮಗ ಹೇಳುವುದು ಸುಳ್ಳಲ್ಲ. ಆದರೆ ಅಷ್ಟು ದೂರದ ದಾರಿಯಲ್ಲಿ ಒಂದೇ ಫೋನು ಕರೆ, ಫೋಟೋ, ಮ್ಯಾಪ್ ಮೂರನ್ನೂ ಹೊರಬೇಕು. ಬಿಸಿಲಿಗೆ ಕಾದು ತಾನೇ ಬಂದ್ ಆಗುತ್ತದೆ. ನನ್ನ ಸಲಹೆ ಕೇಳಿದರೆ, ಮುಂದಿನ ಕಾರಿಗೆ ಒಂದು ಬೇರೆ ಜಿಪಿಎಸ್ ತಗೊಳ್ಳಿ. ಹಿಂದಿನ ಕಾರಿಗೆ ಮನೆಯಲ್ಲಿ ಬಿದ್ದಿರುವ ಹಳೆ ಫೋನಿಗೆ ಮ್ಯಾಪ್ ಇಳಿಸಿ ಕೊಡಿ. ಎರಡು ಜಿಪಿಎಸ್‌ಗೆ ದುಡ್ಡು ಹಾಕಬೇಡಿ. ಬರೀ ಗೋವಾ, ಗೋಕರ್ಣ ಅಂದಿದ್ದರೆ ಒಂದೂ ಬೇಡ ಅನ್ನುತ್ತಿದ್ದೆ.

ಪ್ರಶ್ನೆ (ಅವರೇ): ಸರಿ ಅಣ್ಣಾರೇ, ಒಂದೇ ತಗೊಳ್ಳುತ್ತೇವೆ. 5 ಇಂಚು, 7 ಇಂಚು, ಬ್ಲೂಟೂತ್, ಕ್ಯಾಮೆರಾ ಅಂತ ಏನೇನೋ ತೋರಿಸುತ್ತಾರೆ. ಯಾವುದಕ್ಕೆ ದುಡ್ಡು ಕೊಡಬೇಕು?

ಉತ್ತರ: ಮ್ಯಾಪಿಗೆ ಕೊಡಿ. ಉಳಿದದ್ದೆಲ್ಲ ಆಮೇಲೆ.

ಗಾರ್ಮಿನ್ ಇರಲಿ, ಟಾಮ್‌ಟಾಮ್ ಇರಲಿ, ಮ್ಯಾಪ್‌ಮೈಇಂಡಿಯಾ ಇರಲಿ, ಒಳಗೆ ಭಾರತದ ಮ್ಯಾಪ್ ಇದೆಯಾ, ಅದು ಎಷ್ಟು ಹಳೆಯದು, ಹೊಸದು ಹಾಕಿಕೊಳ್ಳಲು ಬರುತ್ತದಾ, ಇಷ್ಟು ಗಟ್ಟಿ ಮಾಡಿಕೊಳ್ಳಿ. ಫೋನ್ ಬಂದ ಮೇಲೆ ಈ ಮಾಲಿಗೆ ಗಿರಾಕಿ ಕಡಿಮೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಡಬ್ಬಿಯನ್ನು ಒರೆಸಿ ಹೊಸದು ಅಂತ ಕೊಡುವವರಿದ್ದಾರೆ. ಡಬ್ಬಿ ಹೊಸದಿರಬಹುದು, ಒಳಗಿನ ರಸ್ತೆಗಳು ಹಳೆಯವು.

ಅಂಗಡಿಯಲ್ಲೇ ನಿಂತು ಒಂದು ಪರೀಕ್ಷೆ ಮಾಡಿ. ಮನಾಲಿಯಿಂದ ಕೇಲಾಂಗ್‌ಗೆ ದಾರಿ ಕೇಳಿ. ರೋಹ್ತಾಂಗ್ ಕೆಳಗೆ 9 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರಿಂದ ಆ ದಾರಿಯಲ್ಲಿ 46 ಕಿ.ಮೀ. ಉಳಿಯುತ್ತದೆ. ಯಂತ್ರ ಸುರಂಗ ಬಿಟ್ಟು ರೋಹ್ತಾಂಗ್ ಘಾಟ್ ಹತ್ತಿಸಿತು ಅಂದರೆ ಅದರ ಮ್ಯಾಪ್ 2020ಕ್ಕಿಂತ ಹಿಂದಿನದು. ಅಪ್‌ಡೇಟ್ ಮಾಡಿ ತೋರಿಸಿ ಅನ್ನಿ. ಆಗಲ್ಲ ಅಂದರೆ ಎದ್ದು ಬನ್ನಿ.

ಇನ್ನೊಂದು ಪರೀಕ್ಷೆ ನಮ್ಮೂರಲ್ಲೇ ಇದೆ. ಹುಬ್ಬಳ್ಳಿ ಹೊಸೂರಿನಿಂದ ಧಾರವಾಡ ಜುಬಿಲಿ ಸರ್ಕಲ್‌ಗೆ ದಾರಿ ಹಾಕಿ. ನಡುವೆ ಚಿಗರಿ ಬಸ್ಸಿಗಷ್ಟೇ ಮೀಸಲಾದ ಲೇನ್ (ಬಿಆರ್‌ಟಿಎಸ್) ಬಂದ ಮೇಲೆ ಎಲ್ಲೆಂದರಲ್ಲಿ ಬಲಕ್ಕೆ ಹೊರಳಲು ಆಗುವುದಿಲ್ಲ ಅಲ್ವಾ? ಬಿಆರ್‌ಟಿಎಸ್ ಬರುವ ಮುಂಚಿನ ಮ್ಯಾಪ್ ಆದರೆ, ಕಂಬಿ ಹಾಕಿದ ಕಡೆಯೇ ಹೊರಳಿ ಅನ್ನುತ್ತದೆ. ನಿಮಗೆ ಬಾಯಿಪಾಠ ಇರುವ ದಾರಿ, ತಪ್ಪು ತಕ್ಷಣ ಕಾಣುತ್ತದೆ.

‘ಲೈಫ್‌ಟೈಮ್ ಅಪ್‌ಡೇಟ್’ ಅಂತ ಬರೆದಿದ್ದರೆ ಅದು ನಿಮ್ಮ ಜೀವಮಾನ ಅಲ್ಲ. ಕಂಪನಿ ಆ ಮಾಡೆಲ್‌ಗೆ ಮ್ಯಾಪ್ ಕೊಡುವಷ್ಟು ಕಾಲ ಅಂತ ಅರ್ಥ. ತಗೊಂಡ ದಿನವೇ ಮನೆಯ ಕಂಪ್ಯೂಟರ್‌ಗೋ ವೈಫೈಗೋ ಹಚ್ಚಿ ಅಪ್‌ಡೇಟ್ ಮಾಡಿ. ಇದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ, ಹೊರಡುವ ಹಿಂದಿನ ರಾತ್ರಿಗೆ ಇಡಬೇಡಿ. ಹೆಸರಿಲ್ಲದ ಅಗ್ಗದ ಡಬ್ಬಿಗಳಲ್ಲಿ ಕದ್ದ ಮ್ಯಾಪ್ ಹಾಕಿರುತ್ತಾರೆ. ಅವಕ್ಕೆ ಅಪ್‌ಡೇಟ್ ಅನ್ನುವುದೇ ಇಲ್ಲ.

ಪರದೆ 5 ಅಥವಾ 6 ಇಂಚು ಸಾಕು. ಸಣ್ಣ ಕಾರಿಗೆ 7 ಇಂಚು ಹಾಕಿದರೆ ರಸ್ತೆಯೇ ಮುಚ್ಚುತ್ತದೆ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಕೂಡ ಹಿಡಿಯುವಂಥದ್ದು ಸಿಕ್ಕರೆ ಒಳ್ಳೆಯದು. ಘಾಟ್‌ನಲ್ಲಿ ಗುಡ್ಡ ಅರ್ಧ ಆಕಾಶ ಮುಚ್ಚಿದಾಗ, ಉಳಿದರ್ಧದಲ್ಲಿ ಜಾಸ್ತಿ ಉಪಗ್ರಹ ಕಂಡಷ್ಟು ಲೆಕ್ಕ ಸರಿ ಬರುತ್ತದೆ. ಬ್ಲೂಟೂತ್, ಕ್ಯಾಮೆರಾಕ್ಕೆ ದುಡ್ಡು ಹಾಕಬೇಡಿ.

ಪ್ರಶ್ನೆ (ಸಪ್ತಾಪುರ, ಧಾರವಾಡ): ಸರ್, ನಮ್ಮ ಅಳಿಯ ಅಮೆರಿಕದಿಂದ ಮುಂದಿನ ತಿಂಗಳು ಬರುತ್ತಾರೆ. ಅಲ್ಲಿ ಗಾರ್ಮಿನ್ ಸಸ್ತಾ ಅಂತೆ, ತರಿಸಲೇ? ಜೊತೆಗೆ ಇನ್‌ರೀಚ್ ಅಂತ ಒಂದು ಸಣ್ಣ ಯಂತ್ರ ಇದೆಯಂತೆ. ಎಲ್ಲಿಂದ ಬೇಕಾದರೂ ಮೆಸೇಜ್ ಕಳಿಸಬಹುದಂತೆ.

ಉತ್ತರ: ಅಕ್ಕಾರೇ, ಎರಡನ್ನೂ ಬೇರೆ ಬೇರೆ ಹೇಳುತ್ತೇನೆ.

ಕಾರಿನ ಗಾರ್ಮಿನ್ ಅಲ್ಲಿಂದ ತಂದರೆ ಒಳಗೆ ಅಮೆರಿಕದ ಮ್ಯಾಪ್ ಇರುತ್ತದೆ. ಇಲ್ಲಿ ಆನ್ ಮಾಡಿದರೆ ನೀವಿರುವ ಜಾಗ ತೋರಿಸುತ್ತದೆ, ಸುತ್ತ ರಸ್ತೆ ಇರುವುದಿಲ್ಲ. ಭಾರತದ ಮ್ಯಾಪ್ ಬೇರೆ ಕೊಳ್ಳಬೇಕು. ಅದನ್ನೂ ಸೇರಿಸಿ ನೋಡಿದರೆ ಸಸ್ತಾ ಉಳಿಯುವುದಿಲ್ಲ. ರಿಪೇರಿ ಬಂದರೆ ಇಲ್ಲಿ ಯಾರೂ ವಾರಂಟಿ ಕೊಡುವುದಿಲ್ಲ.

ಇನ್‌ರೀಚ್ ಮಾತ್ರ ದಯವಿಟ್ಟು ತರಿಸಲೇಬೇಡಿ. ಅದು ಬರೀ ಕೇಳಿಸಿಕೊಳ್ಳುವ ಯಂತ್ರ ಅಲ್ಲ, ಉಪಗ್ರಹಕ್ಕೆ ತಿರುಗಿ ಸಂದೇಶ ಕಳಿಸುತ್ತದೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಾರೆ, ಇಲ್ಲೇ ಗೋವಾದಲ್ಲೂ ಹಾಗಾಗಿದೆ. ಲಡಾಖ್ ಅಂದರೆ ಗಡಿ ಪ್ರದೇಶ, ಅಲ್ಲಿ ಇನ್ನೂ ಬಿಗಿ. ಅಳಿಯಂದಿರಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಬರೀ ಉಪಗ್ರಹದ ಸಂಕೇತ ಹಿಡಿಯುವ ಕಾರಿನ ಜಿಪಿಎಸ್‌ಗೆ ಇಂಥ ಪರವಾನಗಿ ಬೇಡ, ಅದರ ಬಗ್ಗೆ ಹೆದರಿಕೆ ಬೇಡ.

ಪ್ರಶ್ನೆ (ಬೆಟಗೇರಿ, ಗದಗ): ಅಣ್ಣಾ, ಇಲ್ಲೊಂದು ಅಂಗಡಿಯಲ್ಲಿ ಜಿಪಿಎಸ್ ಕೇಳಿದೆ. ಪರದೆಯೇ ಇಲ್ಲದ ಸಣ್ಣ ಕರಿ ಡಬ್ಬಿ ತೋರಿಸಿ, ಸಿಮ್ ಹಾಕಬೇಕು ಅಂದರು. ಇದೇನಾ ಅದು?

ಉತ್ತರ: ಅಲ್ಲ ತಮ್ಮಾ. ಅದು ಟ್ರ್ಯಾಕರ್. ನಿಮ್ಮ ಗಾಡಿ ಎಲ್ಲಿದೆ ಅಂತ ಬೇರೆಯವರಿಗೆ ತಿಳಿಸುತ್ತದೆ, ನಿಮಗೆ ದಾರಿ ತೋರಿಸುವುದಿಲ್ಲ. ಟ್ಯಾಕ್ಸಿ, ಬಸ್ಸಿಗೆ ಎಐಎಸ್ 140 ಅನ್ನುವ ಸರ್ಕಾರಿ ಮಾನದಂಡದಲ್ಲಿ ಕಡ್ಡಾಯ ಮಾಡಿದ್ದು ಆ ಜಾತಿಯದು. ಅಂಗಡಿಗೆ ಹೋದಾಗ ‘ದಾರಿ ಹೇಳುವ ನ್ಯಾವಿಗೇಟರ್ ಬೇಕು’ ಅಂತ ಬಿಡಿಸಿ ಕೇಳಿ.

ಪ್ರಶ್ನೆ (ರಾಣೆಬೆನ್ನೂರು): ಸರ್, ಫೋನೇ ಸ್ಟ್ಯಾಂಡಿಗೆ ಹಾಕಿಕೊಂಡು ಹೋದರೆ ಪೊಲೀಸರು ದಂಡ ಹಾಕುತ್ತಾರಾ?

ಉತ್ತರ: ದಾರಿ ನೋಡಲು ಫೋನ್ ಬಳಸಬಹುದು ಅಂತ 2020ರ ಅಕ್ಟೋಬರ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಆದರೆ ಓಡಿಸುವವರ ಗಮನ ಕೆಡಬಾರದು, ಬೇರೆ ಯಾವುದಕ್ಕೂ ಬಳಸಬಾರದು. ಕೈಯಲ್ಲಿ ಹಿಡಿದು ಮಾತಾಡಿದರೆ ದಂಡ ಖಾತ್ರಿ. ಅದು ಸರಿಯೂ ಹೌದು.

ಪ್ರಶ್ನೆ (ಅಣ್ಣಿಗೇರಿ): ನಮ್ಮ ಬೀಗರ ಕಾರಲ್ಲಿ ಬೇರೆ ಜಿಪಿಎಸ್ ಇದೆ ಸರ್. ಹೋದ ಮಳೆಗಾಲದಲ್ಲಿ ಡಾಂಬರು ರಸ್ತೆ ಬಿಡಿಸಿ ಹೊಲದ ದಾರಿಗೆ ಹಾಕಿತು. ಎರೆ ಮಣ್ಣಲ್ಲಿ ಗಾಲಿ ಹೂತು ಟ್ರ್ಯಾಕ್ಟರ್ ತರಿಸಬೇಕಾಯಿತು. ಇದನ್ನು ನಂಬಿ ಲಡಾಖ್‌ಗೆ ಹೋಗಬಹುದಾ?

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ರಿ. ಸೆಟಿಂಗ್‌ನಲ್ಲಿ ‘ಹತ್ತಿರದ ದಾರಿ’ ಇಟ್ಟಿರಬೇಕು, ನೋಡಿ. ಆಗ ಯಂತ್ರ ಕಿಲೋಮೀಟರ್ ಮಾತ್ರ ಎಣಿಸುತ್ತದೆ. ಒಂದೂವರೆ ಕಿ.ಮೀ. ಉಳಿಯುತ್ತದೆ ಅಂದರೆ ಚಕ್ಕಡಿ ದಾರಿಯೂ ಅದಕ್ಕೆ ರಸ್ತೆಯೇ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಎರೆ ನೆಲ. ಬೇಸಿಗೆಯಲ್ಲಿ ಕಾರು ಹೋಗುವ ದಾರಿಯಲ್ಲೇ ಒಂದು ಮಳೆ ಬಿದ್ದರೆ ಕಾಲು ಎತ್ತಲು ಆಗುವುದಿಲ್ಲ. ಇದು ಯಾವ ಮ್ಯಾಪಿಗೂ ಗೊತ್ತಿರುವುದಿಲ್ಲ.

‘ಬೇಗ ಮುಟ್ಟುವ ದಾರಿ’ ಅಂತ ಬದಲಿಸಿ. ‘ಮಣ್ಣಿನ ರಸ್ತೆ ಬೇಡ’ ಅನ್ನುವ ಆಯ್ಕೆ ಇರುತ್ತದೆ, ಅದನ್ನೂ ಹಚ್ಚಿ. ಲೇಹ್‌ಗೆ ಹೋಗುವವರೂ ಇದನ್ನೇ ಮಾಡಿ. ಅಷ್ಟಾದರೂ ಯಂತ್ರಕ್ಕೆ ಭೂಕುಸಿತ ಗೊತ್ತಿಲ್ಲ, ಹಿಮ ಬಿದ್ದು ಶ್ರೀನಗರ, ಕಾರ್ಗಿಲ್ ನಡುವಿನ ಝೋಜಿಲಾ ಘಾಟ್ ಬಂದ್ ಆದದ್ದು ಗೊತ್ತಿಲ್ಲ. ಬೆಳಗ್ಗೆ ಹೊರಡುವ ಮುಂಚೆ, ರಾತ್ರಿ ತಂಗಿದ ಕಡೆಯಲ್ಲೇ, ಎದುರಿನಿಂದ ಬಂದ ಚಾಲಕರನ್ನು ದಾರಿ ಹೇಗಿದೆ ಅಂತ ಕೇಳಿ.

ಪ್ರಶ್ನೆ (ವಿದ್ಯಾನಗರ, ಮೊದಲು ಕೇಳಿದವರು): ದಾರಿಯಲ್ಲಿ ನಾವು ತಂಗುವ ಮನೆಯವರು ವಾಟ್ಸಾಪ್‌ನಲ್ಲಿ ಲೊಕೇಶನ್ ಲಿಂಕ್ ಕಳಿಸಿದ್ದಾರೆ. ಅದು ಈ ಯಂತ್ರದಲ್ಲಿ ತೆರೆಯುತ್ತದಾ?

ಉತ್ತರ: ಲಿಂಕ್ ತೆರೆಯುವುದಿಲ್ಲ. ನೆಟ್ ಇರುವಾಗಲೇ ಫೋನಿನಲ್ಲಿ ತೆರೆದು ಅಕ್ಷಾಂಶ, ರೇಖಾಂಶದ ಅಂಕಿ ಬರೆದುಕೊಳ್ಳಿ. ಅದನ್ನು ಯಂತ್ರಕ್ಕೆ ಕೊಟ್ಟು, ಊರಿನ ಹೆಸರಲ್ಲಿ ಸೇವ್ ಮಾಡಿ.

ಇಲ್ಲಿ ಹುಷಾರಾಗಿರಬೇಕು. ಫೋನ್ ಕೊಡುವುದು ದಶಮಾಂಶದಲ್ಲಿ. ಹುಬ್ಬಳ್ಳಿ ಅಂದರೆ ಉತ್ತರಕ್ಕೆ 15.36, ಪೂರ್ವಕ್ಕೆ 75.12. ಕೆಲವು ಯಂತ್ರಗಳು ಡಿಗ್ರಿ, ನಿಮಿಷದ ಲೆಕ್ಕದಲ್ಲಿ ಕೇಳುತ್ತವೆ. ಅಲ್ಲಿ 15 ಡಿಗ್ರಿ 36 ನಿಮಿಷ ಅಂತ ಒತ್ತಿದರೆ ಹುಬ್ಬಳ್ಳಿ ಬಿಟ್ಟು ಸುಮಾರು 27 ಕಿ.ಮೀ. ಉತ್ತರಕ್ಕೆ ಹೋಗಿರುತ್ತೀರಿ. ಯಾಕೆಂದರೆ 0.36 ಡಿಗ್ರಿ ಅಂದರೆ 21.6 ನಿಮಿಷ, 36 ಅಲ್ಲ. ನಮ್ಮ ಬಯಲು ಸೀಮೆಯಲ್ಲಿ 27 ಕಿ.ಮೀ. ತಪ್ಪಿದರೆ ಯಾರನ್ನಾದರೂ ಕೇಳಬಹುದು. ಲಡಾಖ್‌ನಲ್ಲಿ ಅದು ಬೇರೆ ಕಣಿವೆಯೇ ಆಗಬಹುದು. ಸೆಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಿ. ಮೊದಲು ನಿಮ್ಮ ಮನೆಯ ಅಂಕಿ ಹಾಕಿ, ನಿಮ್ಮ ಓಣಿಗೇ ಬರುತ್ತದಾ ನೋಡಿ.

ಪ್ರಶ್ನೆ (ಅವರೇ): ಕೊನೆಗೊಂದು. ಎಲ್ಲಿ ಅಂಟಿಸಬೇಕು? ಚಾರ್ಜಿಂಗ್ ಹೇಗೆ?

ಉತ್ತರ: ಮುಂದಿನ ಗಾಜಿನ ಕೆಳಭಾಗಕ್ಕೆ, ನಿಮ್ಮ ನೋಟಕ್ಕೆ ಅಡ್ಡ ಬರದಂತೆ. ಏರ್‌ಬ್ಯಾಗ್ ಇರುವ ಡ್ಯಾಶ್‌ಬೋರ್ಡ್ ಮೇಲೆ ಬೇಡ, ಅದು ತೆರೆದರೆ ಯಂತ್ರ ಮುಖಕ್ಕೆ ಬಡಿಯುತ್ತದೆ. ಗಾಜು, ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಎರಡನ್ನೂ ನೀರಲ್ಲಿ ಒರೆಸಿ, ಒಣಗಿದ ಮೇಲೆ ಒತ್ತಿ. ಧೂಳಿದ್ದರೆ ತೆಗ್ಗಿಗೆ ಇಳಿದ ಕೂಡಲೇ ಬೀಳುತ್ತದೆ. ಗಾಜಿಗೆ ಲೋಹ ಲೇಪಿಸಿದ ಫಿಲ್ಮ್ ಇದ್ದರೆ ಸಿಗ್ನಲ್ ಸರಿ ಬರುವುದಿಲ್ಲ.

ಒಳಗಿನ ಬ್ಯಾಟರಿಯನ್ನು ನೆಚ್ಚಬೇಡಿ, ಹೆಚ್ಚೆಂದರೆ ಒಂದೆರಡು ಗಂಟೆ. ಲೈಟರ್ ಸಾಕೆಟ್‌ಗೆ ಅದರ ಜೊತೆ ಬಂದ ವೈರೇ ಹಾಕಿ. ಗಾರ್ಮಿನ್‌ನ ಹಳೆಯ ನೂವಿ ಮಾಡೆಲ್‌ಗಳಿಗೆ ಕಂಪ್ಯೂಟರಿನ ಯುಎಸ್‌ಬಿ ವೈರ್ ಹಾಕಿದರೆ, ಕಂಪ್ಯೂಟರಿಗೆ ಹಚ್ಚಿದ್ದೀರಿ ಅಂದುಕೊಂಡು ದಾರಿ ತೋರಿಸುವುದನ್ನೇ ನಿಲ್ಲಿಸುತ್ತವೆ. ಕೆಟ್ಟಿದೆ ಅಂತ ಎಷ್ಟೋ ಜನ ಅಂಗಡಿಗೆ ತಂದಿದ್ದಾರೆ, ಕೆಟ್ಟಿರುವುದಿಲ್ಲ. ಸಾಕೆಟ್ಟಿನ ಫ್ಯೂಸ್ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ಕಾರು ನಿಲ್ಲಿಸಿ ಇಳಿಯುವಾಗ ಯಂತ್ರವನ್ನು ಬಿಸಿಲಲ್ಲಿ ಬಿಡಬೇಡಿ, ಬ್ಯಾಟರಿ ಊದಿಕೊಳ್ಳುತ್ತದೆ.

ಮೊದಲ ಸಲ ಆನ್ ಮಾಡುವಾಗ ಬಯಲಲ್ಲಿ ನಿಂತು ಮಾಡಿ. ಉಪಗ್ರಹಗಳ ಪೂರ್ತಿ ಪಟ್ಟಿ ಆಕಾಶದಿಂದ ಇಳಿಯಲು 12.5 ನಿಮಿಷ ಬೇಕು. ಫೋನು ಅದನ್ನು ನೆಟ್‌ನಿಂದ ತಗೊಂಡು ಬೇಗ ಹಿಡಿಯುತ್ತದೆ, ಇದು ಹಾಗಲ್ಲ. ಓಡುತ್ತಾ ಹಚ್ಚಿದರೆ ಇನ್ನೂ ತಡ.

ಹೊರಡುವ ಮುಂಚೆ ಒಂದು ಭಾನುವಾರ ಎರಡೂ ಕಾರು ತಗೊಂಡು ಹಳಿಯಾಳ, ದಾಂಡೇಲಿ, ಗಣೇಶಗುಡಿ ದಾಟಿ ಜೋಯ್ಡಾವರೆಗೆ ಹೋಗಿ ಬನ್ನಿ. ಧಾರವಾಡ ಬಿಟ್ಟ ಕೂಡಲೇ ಎಲ್ಲರ ಫೋನನ್ನೂ ಫ್ಲೈಟ್ ಮೋಡ್‌ಗೆ ಹಾಕಿ, ಮ್ಯಾಪ್ ಇಳಿಸಿದ ಹಳೆ ಫೋನನ್ನೂ ಸೇರಿಸಿ. ಮುಂದಿನ ಕಾರಿನವರು ಜಿಪಿಎಸ್ ಒಂದನ್ನೇ ನೋಡಿ ಓಡಿಸಲಿ, ಹಿಂದಿನವರು ಹಳೆ ಫೋನ್ ನೋಡಿ. ಎಲ್ಲಿ ತಡಬಡಿಸಿತು ಅಂತ ಬರೆದುಕೊಂಡು ಅಂಗಡಿಗೆ ಬನ್ನಿ, ಕೂತು ಸೆಟಿಂಗ್ ಸರಿ ಮಾಡೋಣ.