ಭಾರ ಹೇರಿಕೊಂಡು ದೂರ ಹೋಗುವ ಸೈಕಲ್ಲಿಗೆ ಯಾವ ಚೈನು, ಯಾವ ಕ್ಯಾಸೆಟ್?

ಪ್ರಶ್ನೆ: ಸರ್, ನನ್ನ ಸೈಕಲ್ಲಿನಲ್ಲಿ ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ), ಹಿಂದೆ 11 ಸ್ಪೀಡ್ ಕ್ಯಾಸೆಟ್ (ಹಿಂದಿನ ಚಕ್ರದಲ್ಲಿ 11 ಹಲ್ಲುಚಕ್ರಗಳ ಗೊಂಚಲು) ಇದೆ. ಟೆಂಟು, ಬ್ಯಾಗು ಎಲ್ಲ ಹೇರಿಕೊಂಡು 4000 ಕಿ.ಮೀ. ಹೋಗಬೇಕು. ಧೂಳಿನ ದಾರಿಯೂ ಇದೆ, ಏರೂ ಜಾಸ್ತಿ. ಇದನ್ನೆಲ್ಲ ತೆಗೆಸಿ 9 ಸ್ಪೀಡ್ ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಅದು ಬೇಕಾ, ಅಥವಾ ಒಂದು ದುಬಾರಿ ಚೈನು ತಗೊಂಡರೆ ಸಾಕಾ?

ಉತ್ತರ (ಸೈಕಲ್ ಮೆಕ್ಯಾನಿಕ್): ಎರಡೂ ಬೇಡ. 4000 ಕಿ.ಮೀ.ಗೆ ಅಂತ ಸುಮ್ನೆ ಎಲ್ಲ ಬದಲಾಯಿಸಿದರೆ ದುಡ್ಡು ದಂಡ. ಹೊಸ ಸೈಕಲ್ ಕಟ್ಟಿಸುತ್ತಿದ್ದರೆ ನಾನೂ 9 ಸ್ಪೀಡೇ ಹೇಳುತ್ತಿದ್ದೆ. ಅದರ ಬಿಡಿಭಾಗ ಅಗ್ಗ, ಸಣ್ಣ ಅಂಗಡಿಯಲ್ಲೂ ಸಿಗುವ ಸಾಧ್ಯತೆ ಜಾಸ್ತಿ, ಗೇರ್ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ನಡೆಯುತ್ತದೆ.

ಚೈನು ದುಬಾರಿಯಾ ಅನ್ನೋದಕ್ಕಿಂತ ಅದನ್ನು ಯಾವಾಗ ತೆಗೆಯುತ್ತೀರಿ ಅನ್ನೋದು ಮುಖ್ಯ. ಚೈನಿನ ಉಕ್ಕು ಹಿಗ್ಗುವುದಿಲ್ಲ. ಒಳಗಿನ ಪಿನ್ನುಗಳು ಸವೆದು ಒಂದೊಂದು ಕೀಲೂ ಸಡಿಲವಾಗುತ್ತದೆ, ಎಲ್ಲ ಸೇರಿ ಚೈನು ಉದ್ದವಾಗುತ್ತದೆ. ಆಮೇಲೆ ಅದು ಹಲ್ಲಿನ ಬುಡದಲ್ಲಿ ಕೂರದೆ ಮೇಲೆ ಮೇಲೆ ಹತ್ತಿ ಕ್ಯಾಸೆಟ್ಟನ್ನು ತಿನ್ನುತ್ತದೆ. ನೋಡುವುದು ಸುಲಭ. ಇಂಚಿನ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು, ಚೈನನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅಲ್ಲಿಂದ 24ನೇ ಪಿನ್ನು ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಬರುತ್ತದೆ. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಅರ್ಧ ಶೇಕಡಾ ಸವೆದಿದೆ ಅಂತ ಲೆಕ್ಕ. 11 ಸ್ಪೀಡಿಗೆ ಅಲ್ಲೇ ಬದಲಾಯಿಸಿ. 8, 9 ಸ್ಪೀಡಾದರೆ ಮುಕ್ಕಾಲು ಶೇಕಡಾದವರೆಗೆ ಓಡಿಸಬಹುದು.

ಹಾಗಾಗಿ ಮಧ್ಯಮ ಬೆಲೆಯ ಎರಡು ಚೈನು ತಗೊಳ್ಳಿ. ಒಂದು ಸೈಕಲ್ಲಿಗೆ, ಇನ್ನೊಂದು ಬ್ಯಾಗಿಗೆ. ಕ್ಯಾಸೆಟ್ಟಿನ ಎಲ್ಲ ಹಲ್ಲುಚಕ್ರವೂ ಉಕ್ಕಿನದೇ ಇರಲಿ. ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ತೂಕ ಇಳಿಸಲು ಅದನ್ನು ಹಾಕಿರುವುದು ಸಾಮಾನ್ಯವಾಗಿ ದೊಡ್ಡ ಚಕ್ರಗಳಿಗೇ, ಭಾರ ಹೊತ್ತು ಏರು ಹತ್ತುವಾಗ ನೀವು ಇರುವುದೂ ಅಲ್ಲೇ ಅಲ್ವಾ. ಮುಂದಿನ ಚೈನ್‌ರಿಂಗಿಗೂ ಉಕ್ಕು ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಗೇರ್ ಎಷ್ಟು ಹಲ್ಲಿನದು ಇರಬೇಕು ಸರ್? ಈಗ ಮುಂದೆ 40, ಹಿಂದೆ ದೊಡ್ಡದು 42.

ಉತ್ತರ: ಮುಂದಿನದನ್ನು 34ಕ್ಕೆ ಇಳಿಸಿ, ನಿಮ್ಮ ಕ್ರ್ಯಾಂಕಿಗೆ (ಪೆಡಲಿನ ತೋಳಿಗೆ) ಕೂರುವ ಅಳತೆ ನೋಡಿಕೊಂಡು. ಏರು ಹತ್ತುವುದು ಹಗುರವಾಗುತ್ತದೆ, ಮಂಡಿಗೂ ಒಳ್ಳೆಯದು. ಸಮತಟ್ಟಿನಲ್ಲಿ ಹಿಂದಿನ ಸಣ್ಣ, 11 ಹಲ್ಲಿನ ಚಕ್ರದಲ್ಲೇ ಉಳಿಯಬೇಡಿ. ಅಲ್ಲಿ ಚೈನಿನ ಒಂದೊಂದು ಕೀಲೂ ಸುಮಾರು 33 ಡಿಗ್ರಿ ಬಾಗಬೇಕು, 18 ಹಲ್ಲಿನದರಲ್ಲಿ 20 ಡಿಗ್ರಿ ಸಾಕು. ಕಡಿಮೆ ಹಲ್ಲಿನ ಮೇಲೆ ಎಳೆತವೂ ಜಾಸ್ತಿ ಬೀಳುತ್ತದೆ, ಮೊದಲು ಸವೆಯುವುದೇ ಅಂಥ ಸಣ್ಣ ಚಕ್ರ.

ಇನ್ನೊಬ್ಬರ ಪ್ರಶ್ನೆ: ಚೈನಿನ ರಗಳೆಯೇ ಬೇಡ ಅಂತ ಹಬ್ ಗೇರ್ (ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಇರುವ ಗೇರ್), ಚೈನಿನ ಬದಲು ಬೆಲ್ಟ್ ಹಾಕಿದರೆ?

ಉತ್ತರ: ವರ್ಷಗಟ್ಟಲೆ ತಿರುಗುವವರಿಗೆ ಸರಿ. ರೋಲಾಫ್ ಕಂಪನಿಯ ಹಬ್ಬಿನಲ್ಲಿ 14 ಗೇರ್ ಇವೆ, 5000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿದರೆ ಆಯಿತು. ಆದರೆ ಒಳಗೆ ಏನಾದರೂ ಮುರಿದರೆ ದಾರಿಯಲ್ಲಿ ರಿಪೇರಿ ಮಾಡುವವರು ಸಿಗುವುದು ಕಷ್ಟ. ಬೆಲ್ಟನ್ನು ಸಾಮಾನ್ಯವಾಗಿ ಚೈನಿನ ಹಾಗೆ ಬಿಚ್ಚಿ ಜೋಡಿಸಲು ಬರುವುದಿಲ್ಲ, ಹಾಗಾಗಿ ಅದಕ್ಕೆ ಫ್ರೇಮಿನ ಹಿಂಭಾಗವೇ ಬಿಚ್ಚುವಂತಿರಬೇಕು. ಇರುವ ಸೈಕಲ್ಲಿಗೆ ಸಾಮಾನ್ಯವಾಗಿ ಆಗದ ಮಾತು.

ಪ್ರಶ್ನೆ: ಬ್ಯಾಗಿನಲ್ಲಿ ಇನ್ನೇನು ಇರಬೇಕು?

ಉತ್ತರ: ಚೈನ್ ಕಟ್ಟರ್, 11 ಸ್ಪೀಡಿನದೇ ಎರಡು ಕ್ವಿಕ್ ಲಿಂಕ್ (ಚೈನಿನ ತುದಿಗಳನ್ನು ಜೋಡಿಸುವ ಕೊಂಡಿ), ಗೇರಿನ ಒಳಕೇಬಲ್, ನಿಮ್ಮ ಫ್ರೇಮಿಗೇ ಹೊಂದುವ ಡಿರೈಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು). ಹ್ಯಾಂಗರ್ ಮರೆಯಬೇಡಿ, ಒಂದೊಂದು ಫ್ರೇಮಿಗೆ ಒಂದೊಂದು ಥರ, ದಾರಿಯಲ್ಲಿ ಸಿಗಲ್ಲ. ಹಿಂದಿನ ಚಕ್ರದ ಕಡ್ಡಿ ಮುರಿದರೆ ಕ್ಯಾಸೆಟ್ ತೆಗೆಯಬೇಕಾಗಬಹುದು, ಅದಕ್ಕೊಂದು ಸಣ್ಣ ಟೂಲ್ ಇರಲಿ.

ಹೊಸ ಚೈನನ್ನು ಹೊರಡುವ ಹಿಂದಿನ ರಾತ್ರಿ ಹಾಕಬೇಡಿ. ಎರಡು ವಾರ ಮೊದಲೇ ಹಾಕಿ, ಪೂರ್ತಿ ಭಾರ ಹೇರಿ, ಒಂದು ಏರಿನಲ್ಲಿ ನಿಂತು ತುಳಿದು ನೋಡಿ. ಚೈನು ಹಲ್ಲಿನ ಮೇಲೆ ಟಕ್ ಅಂತ ಜಾರಿದರೆ ಕ್ಯಾಸೆಟ್ ಸವೆದಿದೆ ಅಂತ, ಅದನ್ನೂ ಬದಲಾಯಿಸಿ.