ಪಗ್ ಮರಿಯ ಏದುಸಿರು: ಓಡಿಸಿದರೆ ಡಯಾಫ್ರಮ್ ಗಟ್ಟಿಯಾಗುತ್ತಾ?

ಡೊಂಬಿವಲಿ: ನಮ್ಮ ಮನೆಗೆ ಮೂರು ತಿಂಗಳ ಪಗ್ ಮರಿ ಬಂದಿದೆ. ಮೂಗಿನ ಹೊಳ್ಳೆ ಬರೀ ಒಂದು ಗೆರೆ. ನಿದ್ದೆಯಲ್ಲಿ ಗೊರಕೆ. ಆಡಿದ ಮೇಲೆ ಉಸಿರೆಳೆದಾಗ ಪಕ್ಕೆಲುಬು ಒಳಗೆ ಹೋಗುತ್ತದೆ. ಕೆಳಗಿನ ಮನೆ ಅಂಕಲ್ "ದಿನಾ ಓಡಿಸಿ, ಉಸಿರಾಟದ ಸ್ನಾಯು ಗಟ್ಟಿಯಾಗಿ ತಾನೇ ಸರಿಹೋಗುತ್ತೆ" ಅಂತಾರೆ. ಅನುಭವ ಇದ್ದವರು ಹೇಳಿ.

ಪುಣೆ, ಕೋಥ್ರೂಡ್: ಓಡಿಸಬೇಡಿ ಅಕ್ಕ. ನಾನು ಇಲಿಗಳ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ಡಯಾಫ್ರಮ್ ಅಂದರೆ ಎದೆ-ಹೊಟ್ಟೆ ನಡುವಿನ ಉಸಿರಾಟದ ಮುಖ್ಯ ಸ್ನಾಯು. ಅದನ್ನು ಬಿಡಿಸಿ ಬೆಳಕಿಗೆ ಹಿಡಿದರೆ ನಡುವೆ ಬೆಳಕು ಹಾಯುವ ಪೊರೆ, ಸುತ್ತ ಪಕ್ಕೆಲುಬಿನ ಕಡೆಗೆ ಹರಡಿದ ಕೆಂಪು ಎಳೆಗಳು. ಅಷ್ಟು ತೆಳ್ಳಗಿನದು ಹುಟ್ಟಿದಾಗಿನಿಂದ ರಜೆಯಿಲ್ಲದೆ ದುಡಿಯುತ್ತದೆ.

ಅಂಕಲ್ ಹೇಳಿದ್ದರಲ್ಲಿ ಅರ್ಧ ನಿಜ. ಉಸಿರಿಗೆ ಅಡ್ಡಿ ಹದವಾಗಿದ್ದು ನಡುನಡುವೆ ಬಿಡುವು ಸಿಕ್ಕರೆ ಈ ಸ್ನಾಯು ಹೊಂದಿಕೊಳ್ಳುತ್ತದೆ, ಬಲ ಪಡೆಯುತ್ತದೆ. ಅಡ್ಡಿ ಜಾಸ್ತಿಯಾದರೆ ದಣಿಯುತ್ತದೆ, ಎಳೆಗಳಿಗೇ ಪೆಟ್ಟಾಗುತ್ತದೆ. ಮರಿಗಳಲ್ಲಿ ಇನ್ನೊಂದು ತೊಡಕು: ಎದೆಗೂಡು ಮೆತ್ತಗಿರುತ್ತದೆ. ಡಯಾಫ್ರಮ್ ಜೋರಾಗಿ ಎಳೆದಾಗ ಗಾಳಿ ಬರುವ ಬದಲು ಪಕ್ಕೆಲುಬೇ ಒಳಗೆ ಬರುತ್ತದೆ. ನೀವು ನೋಡಿದ್ದು ಅದೇ. ಪಟ್ಟ ಶ್ರಮದಲ್ಲಿ ಒಂದಿಷ್ಟು ಸುಮ್ನೆ ಹೋಯಿತು ಅಂತ ಲೆಕ್ಕ.

ಅಡ್ಡಿಯ ಲೆಕ್ಕವೂ ಕ್ರೂರ. ಗಾಳಿ ನಯವಾಗಿ ಹರಿಯುವ ಕೊಳವೆಯ ಅಗಲ ಅರ್ಧವಾದರೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು. ಮೂಗು ಅಷ್ಟು ಸರಳ ಕೊಳವೆ ಅಲ್ಲ, ಆದರೂ ಹೊಳ್ಳೆ ಒಂಚೂರು ಅಗಲವಾದರೆ ಎಷ್ಟು ಲಾಭ ಅಂತ ಗೊತ್ತಾಗುತ್ತದೆ ಅಲ್ವಾ?

ಮಾಟುಂಗಾ: ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಎಳನೀರಿನ ಸ್ಟ್ರಾ ಜೋರಾಗಿ ಎಳೆದರೆ ಚಪ್ಪಟೆಯಾಗುತ್ತದಲ್ಲ, ಪಗ್ ಗಂಟಲಿನಲ್ಲೂ ಹಾಗೇ. ಸ್ನಾಯು ಎಷ್ಟು ಬಲವಾಗಿ ಎಳೆಯುತ್ತದೋ ಗಂಟಲಿನ ಮೆತ್ತನೆ ಭಾಗ ಅಷ್ಟೇ ಒಳಗೆ ಬಂದು ದಾರಿ ಕಟ್ಟುತ್ತದೆ. ವರ್ಷಗಟ್ಟಲೆ ಹೀಗಾದರೆ ಧ್ವನಿಪೆಟ್ಟಿಗೆ ಹತ್ತಿರದ ಅಂಗಾಂಶ ಊದಿಕೊಳ್ಳುತ್ತದೆ. ನಮ್ಮ ಪಗ್ ಹುಡುಗ ಊಟ ಆದ ಮೇಲೆ ನೊರೆ ಕಕ್ಕುತ್ತಿದ್ದ. ನಾವು ಅಜೀರ್ಣ ಅಂದುಕೊಂಡಿದ್ದೆವು. ಡಾಕ್ಟರ್ ಹೇಳಿದ್ದು, ಈ ಎಳೆತಕ್ಕೆ ಹೊಟ್ಟೆಯ ಮೇಲ್ಭಾಗ ಡಯಾಫ್ರಮ್‌ನ ಕಿಂಡಿಯಿಂದ ಮೇಲಕ್ಕೆ ಜಾರುತ್ತದೆ ಅಂತ. ಹೊಳ್ಳೆ ಅಗಲಿಸುವ ಆಪರೇಷನ್ ಮಾಡಿಸಿದೆವು. ಗೊರಕೆ ಪೂರ್ತಿ ಹೋಗಿಲ್ಲ, ನೊರೆ ಕಕ್ಕುವುದು ಮಾತ್ರ ತುಂಬಾ ಕಮ್ಮಿಯಾಗಿದೆ.

ವಾಸ್ಕೋ: ಕುತ್ತಿಗೆಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ತಗೊಳ್ಳಿ. ತೂಕ ಏರಲು ಬಿಡಬೇಡಿ, ಪಾರ್ಲೆ-ಜಿ ಪ್ರೀತಿ ಬೇರೆಯವರಿಗೆ ಇರಲಿ. ಸಮುದ್ರ ತೀರದ ಸೆಖೆಯಲ್ಲಿ ನಾಯಿ ಏದುತ್ತಲೇ ಮೈ ತಣಿಸಿಕೊಳ್ಳಬೇಕು, ಹಸಿ ಗಾಳಿಯಲ್ಲಿ ಅದೂ ಸರಿಯಾಗಿ ಆಗುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಬುಲ್‌ಡಾಗ್ ಬೆಳಕು ಹರಿಯುವ ಮುಂಚೆಯೇ ವಾಕ್ ಮುಗಿಸುತ್ತಾನೆ.

ಡೊಂಬಿವಲಿ: ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್‌ಗೆ ಏನು ತೋರಿಸಲಿ? ಕ್ಲಿನಿಕ್‌ಗೆ ಹೋದರೆ ಸುಮ್ಮನೆ ಕೂರುತ್ತದೆ.

ಕೋಥ್ರೂಡ್: ಎರಡು ವಿಡಿಯೋ ಮಾಡಿ. ಒಂದು ಗಾಢ ನಿದ್ದೆಯಲ್ಲಿ, ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಲು. ಇನ್ನೊಂದು ಆಟ ಮುಗಿದ ತಕ್ಷಣ, ಪಕ್ಕದಿಂದ, ಪಕ್ಕೆಲುಬು ಕಾಣುವ ಹಾಗೆ. ಒಸಡು ನೀಲಿಗಟ್ಟಿದರೆ ಅಥವಾ ಮರಿ ಕುಸಿದರೆ ವಿಡಿಯೋ ಗಿಡಿಯೋ ಬಿಟ್ಟು ಆಟೋ ಹಿಡಿಯಿರಿ.